ಇಟಲಿಗೆ ಹೊರಟ ಪ್ಲ್ಯಾನು ಗೋಕರ್ಣಕ್ಕೆ ಬಂತು

ನಮ್ಮ ಹಾಸ್ಟೆಲ್ ರೂಮಿನ ಗೋಡೆಗೆ ಒಂದು ಚಿತ್ರ ಅಂಟಿಸಿದ್ದೇವೆ. ಕೆಳಗೆ ನೀಲಿ ಸಮುದ್ರ, ಮೇಲೆ ಬೆಟ್ಟ, ಬೆಟ್ಟದ ಮೈಗೆ ಅಂಟಿಕೊಂಡ ಹಳದಿ, ಗುಲಾಬಿ ಬಣ್ಣದ ಮನೆಗಳು. ಅದು ಇಟಲಿಯ ಚಿಂಕ್ವೆ ತೆರ್ರೆ. ಮೆಡಿಟರೇನಿಯನ್ ದಂಡೆಯ ಐದು ಪುಟ್ಟ ಊರುಗಳ ಈ ಕರಾವಳಿ 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೂಮಿನಲ್ಲಿ ಇರುವವರು ಮೂವರು. ಒಬ್ಬಳು ಗದಗಿನವಳು, ಇನ್ನೊಬ್ಬಳು ಬಾಗಲಕೋಟೆಯವಳು, ನಾನು ಯಲವಿಗಿಯವಳು. ಮೂವರೂ ಸಿವಿಲ್ ಎಂಜಿನಿಯರಿಂಗ್. ಮೂವರಲ್ಲಿ ಒಬ್ಬರೂ ಇದುವರೆಗೆ ಸಮುದ್ರ ನೋಡಿಲ್ಲ!

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ, ‘ಕೆಲಸ ಸಿಕ್ಕ ಮ್ಯಾಲೆ ಅಲ್ಲಿಗೇ ಹೋಗೂಣು’ ಎಂದಳು ಗದಗಿನ ಗೆಳತಿ. ನಗುತ್ತಲೇ ಲೆಕ್ಕಕ್ಕೆ ಕೂತೆವು. ಷೆಂಗೆನ್ ವೀಸಾ ಶುಲ್ಕ 90 ಯೂರೊ. 2024ರ ಜೂನ್ 11ರಿಂದ ಜಾರಿಗೆ ಬಂದ ದರ ಇದು. ಅಂದರೆ ವಿಮಾನ ಹತ್ತುವ ಮೊದಲೇ ತಲೆಗೆ ಎಂಟು ಸಾವಿರ ರೂಪಾಯಿಗೂ ಹೆಚ್ಚು. ಅದರ ಮೇಲೆ ಪ್ರವಾಸ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್. ನನ್ನ ಸ್ಟೇಟ್‌ಮೆಂಟ್ ನೋಡಿದರೆ ವೀಸಾ ಅಧಿಕಾರಿಯೇ ಮರುಗಿ ಚಹಾ ಕುಡಿಸಿ ಕಳಿಸಿಯಾರು.

ಆಗಲೇ ಬಾಗಲಕೋಟೆಯವಳಿಗೆ ಹೊಳೆದದ್ದು, ‘ಜೂನ್ 11 ಅಂದ್ರ ನಮ್ಮ ಫ್ರೀ ಬಸ್ ಶುರು ಆದ ತಾರೀಕೂ ಹೌದಲ್ಲ?’ ಹೌದು. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಆಧಾರ್ ಕಾರ್ಡ್ ತೋರಿಸಿದರೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಗೋವಾಕ್ಕೆ ಹೋಗುವ ಬಸ್ಸಿಗೆ ನಡೆಯುವುದಿಲ್ಲ. ಆದರೆ ಗೋಕರ್ಣ, ಕುಮಟಾ, ಮುರುಡೇಶ್ವರ ಎಲ್ಲ ಕರ್ನಾಟಕದೊಳಗೇ ಇವೆಯಲ್ಲ! ಇಟಲಿಯ ಪ್ಲ್ಯಾನು ಅರ್ಧ ಗಂಟೆಯಲ್ಲಿ ಗೋಕರ್ಣಕ್ಕೆ ಬಂದು ನಿಂತಿತು.

ಬಸ್ ಪುಕ್ಕಟೆ ನಿಜ, ಮನೆಯವರ ಒಪ್ಪಿಗೆ ಮಾತ್ರ ತುಟ್ಟಿ. ಇದು ನಮ್ಮ ಮೂರನೇ ಪ್ರಯತ್ನ. ಮೊದಲ ಸಲ ಹೊರಡಲು ನೋಡಿದ್ದು 2024ರ ಜುಲೈನಲ್ಲಿ. ಅದೇ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಎರಡನೇ ಸಲ ಡಿಸೆಂಬರ್‌ನಲ್ಲಿ ಕೇಳಿದೆ. ಅದೇ ತಿಂಗಳು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅಪ್ಪ ಟಿ.ವಿ. ಆರಿಸಿ ಒಂದೇ ಮಾತು ಹೇಳಿದ, ‘ರೊಕ್ಕದ ಮಾತಲ್ಲವ್ವಾ. ಸಮುದ್ರ ಅಂದ್ರ ನಮ್ಮೂರ ಕೆರಿ ಅಲ್ಲ.’

ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ನಮ್ಮ ಹಳೆಯ ಎರಡೂ ಪ್ಲ್ಯಾನುಗಳಲ್ಲಿ ಎಲ್ಲೆಲ್ಲಿ ಫೋಟೊ ತೆಗೆಯಬೇಕು ಎಂಬುದಿತ್ತು. ಯಾವಾಗ ಹೋಗಬೇಕು, ನೀರಿಗೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದು ಇರಲೇ ಇಲ್ಲ. ಆದ್ದರಿಂದ ಈ ಸಲ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಹಾಗೆ ಬರೆದೆವು.

ಮೊದಲು ಕಾಲ. ಮೆಡಿಟರೇನಿಯನ್‌ನಲ್ಲಿ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ಅದಕ್ಕೇ ಅಲ್ಲಿಗೆ ಜನ ಜೂನ್‌ನಿಂದ ಆಗಸ್ಟ್‌ವರೆಗೆ ಮುಗಿಬೀಳುತ್ತಾರೆ. ನಮ್ಮಲ್ಲಿ ಆ ತಿಂಗಳುಗಳಲ್ಲಿ ಮುಂಗಾರು, ಕಡಲು ರೌದ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಕಡಲಿನಲ್ಲೇ ಬದುಕುವವರು ದೋಣಿ ದಡಕ್ಕೆಳೆಯುವ ಹೊತ್ತಿನಲ್ಲಿ ಈಜು ಬಾರದ ನಾವು ಹೊರಟಿದ್ದೆವು! ಸೆಮಿಸ್ಟರ್ ರಜೆ ಬರುವ ಜನವರಿ-ಫೆಬ್ರುವರಿಯೇ ಸರಿ ಎಂದು ಗುರುತು ಹಾಕಿದೆವು.

ಎರಡನೆಯದು ನೀರು. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ತೀರ ಕಡಿಮೆ. ಅರಬ್ಬಿ ಸಮುದ್ರ ನಮ್ಮ ದಂಡೆಯಲ್ಲಿ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ನಡೆದು ದಾಟಿದ ಬಂಡೆ ಮಧ್ಯಾಹ್ನ ನೀರಿನೊಳಗಿರಬಹುದು. ಇನ್ನೊಂದು ಅಪಾಯ ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದ ನೀರು ಒಂದು ಕಿರಿದಾದ ಜಾಗದಲ್ಲಿ ರಭಸವಾಗಿ ವಾಪಸ್ ಹೋಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ. ಗೊತ್ತಿಲ್ಲದವರು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಈಜಬೇಕು. ಈಜು ಬಾರದವರಿಗೆ ಒಂದೇ ನಿಯಮ: ಮೊಣಕಾಲಿಗಿಂತ ಆಳ ಬೇಡ, ಜೀವರಕ್ಷಕರು ಇಲ್ಲದ ಕಡೆ ಇಳಿಯುವುದೇ ಬೇಡ. ಇದನ್ನು ಕೆಂಪು ಪೆನ್ನಿನಲ್ಲಿ ಬರೆದು ಮೂವರೂ ಸಹಿ ಹಾಕಿದೆವು.

ಮೂರನೆಯದು ದಾರಿ. ಚಿಂಕ್ವೆ ತೆರ್ರೆಯಲ್ಲಿ ಐದೂ ಊರಿಗೆ ರೈಲಿದೆ. ಯಲವಿಗಿಯಲ್ಲೂ ರೈಲು ನಿಲ್ದಾಣವಿದೆ, ಹುಬ್ಬಳ್ಳಿವರೆಗೆ ಸಲೀಸು. ಅಲ್ಲಿಂದ ನೇರ ಕಡಲಿಗೆ ಹೋಗಬೇಕಿದ್ದ ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1990ರ ದಶಕದಲ್ಲೇ ಮಂಜೂರಾತಿ ಸಿಕ್ಕಿತು, ನಾವು ಹುಟ್ಟುವ ಮೊದಲೇ. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಿಂದಾಗಿ ಅದು ಇನ್ನೂ ಮುಗಿದಿಲ್ಲ. ಹೀಗಾಗಿ ಬಸ್ಸೇ ಗತಿ: ಸವಣೂರು, ಹಾನಗಲ್, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಗೋಕರ್ಣ. ಘಟ್ಟದ ರಸ್ತೆಯನ್ನು ಕಾಮಗಾರಿಗಾಗಿ ಮುಚ್ಚಿದ್ದೂ ಉಂಟು. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೊದಲ ದಿನ ಪ್ರಯಾಣಕ್ಕೇ ಸರಿ. ಎರಡನೇ ದಿನ ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಕುಡ್ಲೆಯಿಂದ ಓಂ ಬೀಚ್‌ವರೆಗೆ ನಡಿಗೆ. ಮೂರನೇ ದಿನ ಅಘನಾಶಿನಿ ದಂಡೆಯ ಮಿರ್ಜಾನ್ ಕೋಟೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ ಅದು. ಬಳಿಕ ಕುಮಟಾದಿಂದ ಪ್ಯಾಸೆಂಜರ್ ರೈಲಿನಲ್ಲಿ ಮುರುಡೇಶ್ವರ. ನಡುವೆ ಹೊನ್ನಾವರದ ಬಳಿ ಶರಾವತಿಯ ಮೇಲೆ ಎರಡು ಕಿಲೊಮೀಟರಿಗೂ ಉದ್ದದ ರೈಲು ಸೇತುವೆ, ಸಿವಿಲ್‌ನವರಿಗೆ ಅದೂ ತೀರ್ಥಕ್ಷೇತ್ರವೇ. ನಾಲ್ಕನೇ ದಿನ ಕಾಸರಕೋಡು ನೋಡಿ ಊರಿಗೆ ವಾಪಸ್. 1985ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ‘ಬ್ಲೂ ಫ್ಲ್ಯಾಗ್’ ಮಾನ್ಯತೆ 2020ರಲ್ಲಿ ಈ ಕಡಲತೀರಕ್ಕೂ ಸಿಕ್ಕಿತು. ವಾರಾಂತ್ಯದಲ್ಲಿ ರೂಮು ತುಟ್ಟಿ ಎಂದು ಬುಧವಾರ ಹೊರಟು ಶನಿವಾರ ಮರಳುವುದೆಂದು ಗೊತ್ತು ಮಾಡಿದೆವು.

ನಾಲ್ಕು ಪುಟದ ಈ ‘ರಿಪೋರ್ಟ್’ ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದ. ಕೆಂಪು ಅಕ್ಷರದ ಸಾಲನ್ನು ಎರಡು ಸಲ ಓದಿದ. ‘ಸಂಗಡ ಹಿರೇರು ಯಾರರ ಬೇಕಲ್ಲ’ ಎಂದ. ನನ್ನ ಜೀವ ಬಾಯಿಗೆ ಬಂತು.

ಅಡುಗೆಮನೆಯಿಂದ ಅವ್ವನ ದನಿ: ‘ನಂದೂ ಆಧಾರ್ ಕಾರ್ಡ್ ಐತಿ. ನಾನೂ ಸಮುದ್ರ ನೋಡಿಲ್ಲ.’

ಕಡಲು ನಮ್ಮೂರಿಂದ ಒಂದು ಹಗಲಿನ ಹಾದಿ. ಅವ್ವ ಹೊಲ, ಹಬ್ಬ, ಬಾಣಂತನ ಎಂದು ಎಲ್ಲರಿಗಾಗಿ ಎಲ್ಲೆಲ್ಲೋ ಹೋಗಿದ್ದಾಳೆ. ಅಲ್ಲಿಗೆ ಮಾತ್ರ ಹೋಗಿಲ್ಲ. ಮೂರು ಸಲ ಪ್ಲ್ಯಾನು ಹಾಕಿದ ನನಗೆ ‘ನೀನೂ ಬರ್ತೀಯೇನಬೇ?’ ಎಂದು ಒಮ್ಮೆಯೂ ಕೇಳಲು ಹೊಳೆದಿರಲಿಲ್ಲ. ರಿಪೋರ್ಟಿನಲ್ಲಿದ್ದ ದೊಡ್ಡ ತಪ್ಪು ಅದೇ.

ಗೋಡೆಯ ಮೇಲಿನ ಇಟಲಿ ಅಲ್ಲೇ ಇರಲಿ, ಕೆಲಸ ಸಿಗಲಿ, ನೋಡೋಣ. ಮಂಗಳವಾರ ಸಂಜೆ ಗೆಳತಿಯರಿಬ್ಬರೂ ರೈಲಿನಲ್ಲಿ ಯಲವಿಗಿಗೆ ಬರುತ್ತಾರೆ. ಅವ್ವ ಈಗಲೇ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ. ಬುಧವಾರ ಬೆಳಿಗ್ಗೆ ಸವಣೂರು ಬಸ್ಸು. ನಾಲ್ಕು ಟಿಕೆಟ್, ಒಟ್ಟು ಸೊನ್ನೆ ರೂಪಾಯಿ.