ರೆಕ್ಕೆ ಮಡಿಸುವ ಬಾಂಬರು

1942ನೆಯ ಇಸವಿಯ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೂ ಕಾಕಿನಾಡದ ಮೇಲೂ ಬಾಂಬು ಸುರಿಸಿದ ಜಪಾನೀ ವಿಮಾನಗಳು ನೆಲದ ಮೇಲಿನ ಯಾವ ನಿಲ್ದಾಣದಿಂದಲೂ ಹೊರಟುಬಂದವಲ್ಲ; ಬಂಗಾಳ ಕೊಲ್ಲಿಯಲ್ಲಿ ಸಂಚರಿಸುತ್ತಿದ್ದ ರ್ಯೂಜೋ ಎಂಬ ವಿಮಾನವಾಹಕ ನೌಕೆಯಿಂದ ಎದ್ದುಬಂದವು. ಅದರ ಹಿಂದಿನ ದಿನವಷ್ಟೇ ಅಡ್ಮಿರಲ್ ನಗುಮೋನ ದೊಡ್ಡ ನೌಕಾಪಡೆ ಕೊಲಂಬೋ ಬಂದರಿನ ಮೇಲೆರಗಿತ್ತು. ಮದರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಡತೊಡಗಿದ್ದೂ, ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತವನ್ನು ಭಾರತ ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದೂ ಅದೇ ತಿಂಗಳಲ್ಲಿ. ಕಡಲ ತೆರೆಯನ್ನೇ ಕಾಣದ ನಮ್ಮ ಸೀಮೆಗೂ ಯುದ್ಧದ ಬಿಸಿ ತಟ್ಟಿದ ಆ ದಿನಗಳಲ್ಲಿ ಪೂರ್ವ ಸಮುದ್ರದ ಮೇಲೆ ಹಾರಾಡಿದ ಆ ವಿಮಾನದ ರಚನೆ, ಅದು ಮಾಡಿದ ಅನಾಹುತವನ್ನು ಕ್ಷಣಕಾಲ ಪಕ್ಕಕ್ಕಿಟ್ಟು ನೋಡುವವರಿಗೆ, ಬಹು ಕುತೂಹಲಕರವಾದುದು.

ಅದು ನಾಕಾಜಿಮಾ ಕಂಪನಿಯ ಬಿ5ಎನ್. ಜಪಾನೀಯರ ಲೆಕ್ಕದಲ್ಲಿ 97ನೆಯ ಮಾದರಿ, ಶತ್ರುಗಳ ಬಾಯಲ್ಲಿ 'ಕೇಟ್'. 1935ರಲ್ಲಿ ಜಪಾನಿನ ನೌಕಾದಳ ತನ್ನ ಹಳೆಯ ಜೋಡಿರೆಕ್ಕೆಯ ಬಾಂಬರುಗಳಿಗೆ ಬದಲಾಗಿ ಹೊಸತೊಂದನ್ನು ಬಯಸಿ ಕಾರ್ಖಾನೆಗಳ ಮುಂದಿಟ್ಟ ನಿಬಂಧನೆಗಳಲ್ಲಿ ಅರ್ಧ ಆಕಾಶಕ್ಕೆ ಸಂಬಂಧಿಸಿದವಾದರೆ, ಉಳಿದರ್ಧ ವಿಮಾನಗಳನ್ನು ಮೇಲೆ ಕೆಳಗೆ ಸಾಗಿಸುವ ಹಡಗಿನ ಲಿಫ್ಟಿಗೆ ಸಂಬಂಧಿಸಿದವು. ಎಂಜಿನು ಒಂದೇ ಇರಬೇಕು. 800 ಕಿಲೋಗ್ರಾಂ ಭಾರ ಹೊರಬೇಕು. ಗಂಟೆಗೆ 333 ಕಿಲೋಮೀಟರ್ ವೇಗ ಮುಟ್ಟಬೇಕು. ಇಷ್ಟರಮೇಲೆ ರೆಕ್ಕೆಯ ಹರವು 16 ಮೀಟರನ್ನು ಮೀರಕೂಡದು, ಮಡಿಸಿದಾಗ 7.5 ಮೀಟರಿಗೆ ಇಳಿಯಬೇಕು.

ಇಲ್ಲಿರುವ ವಿರೋಧವನ್ನು ಗಮನಿಸಬೇಕು. ಹಡಗಿನ ಮೇಲ್ತಟ್ಟು ಎಷ್ಟೇ ಉದ್ದವಾಗಿದ್ದರೂ ನೆಲದ ಓಡುದಾರಿಗೆ ಸಮನಾಗಲಾರದು. ಆದುದರಿಂದ ವಿಮಾನ ಸ್ವಲ್ಪ ದೂರ ಓಡಿ ಮೇಲೇಳಬೇಕು, ಮೆಲ್ಲಗೆ ಬಂದು ಇಳಿದು, ಬಾಲದ ಕೊಕ್ಕೆಯಿಂದ ಅಡ್ಡ ಬಿಗಿದ ತಂತಿಯನ್ನು ಹಿಡಿದು ನಿಲ್ಲಬೇಕು. ನಮ್ಮ ಹೊಸದುರ್ಗದ ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳು ಬೀಸುಗಾಳಿಯ ಕಡೆಗೆ ಮುಖ ತಿರುಗಿಸಿಕೊಳ್ಳುವಂತೆ, ವಿಮಾನಗಳನ್ನು ಬಿಡುವ ಹೊತ್ತಿಗೆ ನೌಕೆಯೂ ಗಾಳಿಗೆ ಎದುರಾಗಿ ವೇಗದಿಂದ ಸಾಗುವುದು ಈ ಕಾರಣಕ್ಕಾಗಿಯೇ. ರೆಕ್ಕೆಗೆ ಬೇಕಾದ ಗಾಳಿಯಲ್ಲಿ ಒಂದು ಪಾಲನ್ನು ಹಡಗೇ ಒದಗಿಸಿಕೊಡುತ್ತದೆ. ಆದರೂ ಭಾರ ಹೊತ್ತು ಮೆಲ್ಲಗೆ ಹಾರಲು ರೆಕ್ಕೆ ವಿಶಾಲವಾಗಿರಲೇಬೇಕು. ವಿಶಾಲವಾದ ರೆಕ್ಕೆಯೋ ಲಿಫ್ಟಿನಲ್ಲಿ ಹಿಡಿಯದು, ಕೆಳಗಿನ ಹ್ಯಾಂಗರಿನಲ್ಲಿ ಒಂದರ ಪಕ್ಕದಲ್ಲೊಂದು ನಿಲ್ಲದು.

ಕತ್ಸುಜಿ ನಾಕಾಮುರ ಎಂಬ ಎಂಜಿನಿಯರ್ ಈ ಗಂಟನ್ನು ಬಿಡಿಸಿದ ರೀತಿ ಸೊಗಸಾದುದು. ಹದಿನೈದೂವರೆ ಮೀಟರ್ ಹರವಿನ ಒಂಟಿ ರೆಕ್ಕೆಯನ್ನು ಶರೀರದ ಕೆಳಭಾಗಕ್ಕೆ ಜೋಡಿಸಿ, ಎರಡು ಕಡೆಯಲ್ಲೂ ನಡುವೆ ಕೀಲಿಟ್ಟು, ತುದಿಗಳು ಮೇಲೆದ್ದು ಚಾಲಕನ ಗಾಜಿನ ಮನೆಯ ಮೇಲೆ ಒಂದನ್ನೊಂದು ಹಾದು ಮಲಗುವಂತೆ ಮಾಡಿದ. ಗಾಲಿಗಳು ಹಾರಾಟದಲ್ಲಿ ರೆಕ್ಕೆಯೊಳಗೆ ಮಡಚಿಕೊಳ್ಳುತ್ತಿದ್ದವು. 1937ರ ಜನವರಿಯಲ್ಲಿ ಮೊದಲು ಹಾರಿದ ಮಾದರಿ, ಕೇಳಿದ್ದ ವೇಗವನ್ನು ದಾಟಿ 370 ಕಿಲೋಮೀಟರ್ ಮುಟ್ಟಿತು. ರೆಕ್ಕೆ ಮಡಿಸಲು ಆ ಮಾದರಿಯಲ್ಲಿ ದ್ರವದ ಒತ್ತಡದ ಯಂತ್ರವೊಂದಿತ್ತು. ತೂಕ, ರಿಪೇರಿಗಳ ಗೋಜೇ ಬೇಡವೆಂದು ನೌಕಾದಳ ಅದನ್ನು ಕಿತ್ತುಹಾಕಿಸಿ, ಹಡಗಿನ ಆಳುಗಳೇ ಕೈಯಿಂದ ಮಡಿಸುವ ಏರ್ಪಾಡನ್ನು ಒಪ್ಪಿಕೊಂಡಿತು. ಈ ತೀರ್ಮಾನದಲ್ಲಿ ನನಗೆ ಬಹಳ ವಿವೇಕ ಕಾಣುತ್ತದೆ: ಹಡಗಿನಲ್ಲಿ ಆಳುಗಳ ಕೈಗೇನೂ ಕೊರತೆಯಿರಲಿಲ್ಲ.

ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಟಾರ್ಪೆಡೊವನ್ನು ವಿಮಾನದ ಹೊಟ್ಟೆಯ ಕೆಳಗೆ ಬಯಲಲ್ಲೇ ತೂಗುಹಾಕುತ್ತಿದ್ದರು. ಒಳಗೆ ಚಾಲಕ, ವೀಕ್ಷಕ, ರೇಡಿಯೋ ನೋಡಿಕೊಳ್ಳುವ ಬಂದೂಕುಗಾರ ಎಂದು ಮೂವರು ಒಬ್ಬರ ಹಿಂದೊಬ್ಬರು ಕೂರುತ್ತಿದ್ದರು. ಆತ್ಮರಕ್ಷಣೆಗೆ ಹಿಂದೆ 7.7 ಮಿಲಿಮೀಟರಿನ ಒಂದು ಬಂದೂಕು. ಪರ್ಲ್ ಹಾರ್ಬರಿನ ಮೇಲಿನ ದಾಳಿಯ ಮೊದಲ ಅಲೆಯಲ್ಲಿ ಹೋದ 89 ಕೇಟ್‌ಗಳ ಪೈಕಿ 40 ಟಾರ್ಪೆಡೊ ಹೊತ್ತಿದ್ದವು, 49 ಬಾಂಬು ಹೊತ್ತಿದ್ದವು. ಆ ಬಂದರಿನ ನೀರಿನ ಆಳ ಸುಮಾರು 12 ಮೀಟರ್ ಮಾತ್ರ. ವಿಮಾನದಿಂದ ಬಿದ್ದ ಟಾರ್ಪೆಡೊ ತಳದ ಕೆಸರಿಗೆ ಹೊಕ್ಕುಬಿಡಬಾರದೆಂದು ಬಾಲಕ್ಕೆ ಮರದ ಹೆಚ್ಚುವರಿ ರೆಕ್ಕೆಗಳನ್ನು ಸಿಕ್ಕಿಸಿದ್ದರು. ನೀರು ತಾಗಿದೊಡನೆ ಅವು ಮುರಿದುಬೀಳುತ್ತಿದ್ದವು.

ಆದರೆ ಇಷ್ಟು ಭಾರ, ಇಷ್ಟು ವೇಗ ಒಂದೇ ಎಂಜಿನಿಗೆ ದಕ್ಕಿದ್ದು ಯಾವುದನ್ನು ಬಿಟ್ಟುಕೊಟ್ಟು? ಚಾಲಕನ ಬೆನ್ನಿಗೆ ಉಕ್ಕಿನ ಫಲಕವಿಲ್ಲ. ಗುಂಡು ತೂರಿದ ರಂಧ್ರವನ್ನು ತಾನಾಗಿ ಮುಚ್ಚಿಕೊಳ್ಳುವ ಇಂಧನದ ತೊಟ್ಟಿಯಿಲ್ಲ. 1942ರ ಜೂನ್ 4ರಂದು, ಮಿಡ್ವೇ ಕದನದ ಮಧ್ಯಾಹ್ನ, ಹಿರ್ಯೂ ನೌಕೆಯಿಂದ 10 ಕೇಟ್‌ಗಳ ಮುಂದಾಳಾಗಿ ಹೊರಟ ಲೆಫ್ಟಿನೆಂಟ್ ತೊಮೊನಾಗನ ವಿಮಾನದ ಎಡರೆಕ್ಕೆಯ ತೊಟ್ಟಿ ಬೆಳಗಿನ ದಾಳಿಯಲ್ಲೇ ತೂತಾಗಿತ್ತು; ಅದನ್ನು ಸರಿಪಡಿಸಲು ವ್ಯವಧಾನವಿಲ್ಲದೆ ಬಲರೆಕ್ಕೆಯ ಇಂಧನವೊಂದನ್ನೇ ನಂಬಿ ಹಾರಿದ ಅವನು ಹಿಂದಿರುಗಲಿಲ್ಲ. ಅಮೆರಿಕದ ಯಾರ್ಕ್‌ಟೌನ್ ನೌಕೆಗೆ ಟಾರ್ಪೆಡೊ ತಾಗಿತು. ಹೋದ 10ರಲ್ಲಿ 5 ವಿಮಾನಗಳು ಮರಳಿದವು. ಯುದ್ಧದ ಕೊನೆಯ ಭಾಗದಲ್ಲಿ ಕೇಟ್‌ನ ಸ್ಥಾನಕ್ಕೆ ತೆನ್ಜಾನ್ ಎಂಬ ವಿಮಾನ ಬಂದಿತು, ಹಳೆಯವು ಜಲಾಂತರ್ಗಾಮಿಗಳ ವಿರುದ್ಧದ ಕಾವಲಿಗೂ ತರಬೇತಿಗೂ ಸರಿದವು.

ಅಗಲವಾದ ರೆಕ್ಕೆ ಕಿರಿದಾದ ಜಾಗದಲ್ಲಿ ಹಿಡಿಯಬೇಕೆಂಬ ಹಡಗಿನ ಹಠವನ್ನು ಈಗ ಕನ್ನಡನಾಡಿನ ಎಂಜಿನಿಯರುಗಳೂ ಎದುರಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾ ಆವೃತ್ತಿ 2020ರ ಜನವರಿ 11ರಂದು, ಕಾರವಾರವನ್ನು ನೆಲೆಯಾಗಿ ಉಳ್ಳ ವಿಕ್ರಮಾದಿತ್ಯ ವಿಮಾನವಾಹಕ ನೌಕೆಯ ಮೇಲೆ ಕೊಕ್ಕೆಯಿಂದ ತಂತಿ ಹಿಡಿದು ಇಳಿಯಿತು. ಆದರೆ ಭಾರದೊಡನೆ ಹಡಗಿನಿಂದ ಏಳಲು ಅದರ ಶಕ್ತಿ ಸಾಲದೆಂದು ನೌಕಾದಳ 2016ರಲ್ಲೇ ಹೇಳಿಬಿಟ್ಟಿತ್ತು, ರೆಕ್ಕೆಯೂ ಮಡಿಸುವಂಥದಲ್ಲ. ಚಳ್ಳಕೆರೆ ತಾಲ್ಲೂಕಿನ ಬಯಲಿನಲ್ಲಿರುವ ಪರೀಕ್ಷಾನೆಲೆಯಲ್ಲಿ 2022ರ ಜುಲೈ 1ರಂದು ಬಾಲವಿಲ್ಲದ ಮಾನವರಹಿತ ವಿಮಾನವೊಂದು ತಾನಾಗಿ ಎದ್ದು ತಾನಾಗಿ ಇಳಿದಾಗ ಅದಕ್ಕೆ ಲಿಫ್ಟಿನ ಅಳತೆಯ ಕಾಟವಿರಲಿಲ್ಲ. ಬೆಂಗಳೂರಿನಲ್ಲಿ ಈಗ ನಕ್ಷೆಯಾಗುತ್ತಿರುವ, ಎರಡು ಎಂಜಿನುಗಳ ನೌಕಾ ವಿಮಾನಕ್ಕಾದರೋ ಆ ಕಾಟ ತಪ್ಪಿದ್ದಲ್ಲ. ಅದರ ರೆಕ್ಕೆಗೆ ಮೊದಲೇ ಕೀಲು ಇಡಲಾಗಿದೆ.