ಚರ್ಚ್ ಕಚೇರಿಗೆ ಹೊಸ ಕಂಪ್ಯೂಟರ್: ಇಮೇಲ್ ಬಾರದಿದ್ದರೆ ಏನು ಮಾಡಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಲು ಆಗದಿದ್ದವರು ಹೊಸತನ್ನು ಕೊಳ್ಳಬೇಕಾಯಿತು. ನನಗೆ ಪರಿಚಯವಿರುವ ಒಂದು ಚರ್ಚ್ ಕಚೇರಿಯಲ್ಲಿಯೂ ಹಾಗೆಯೇ ಆಯಿತು. ಹೊಸ ಕಂಪ್ಯೂಟರ್ ಬಂತು, ಇಮೇಲ್ ಖಾತೆಯನ್ನೂ ಅದರಲ್ಲಿ ಜೋಡಿಸಲಾಯಿತು. ಮೂರನೆಯ ದಿನ ಕಚೇರಿಯ ಸಹಾಯಕಿ ಫೋನ್ ಮಾಡಿದರು. ಕುವೈಟ್‌ನಲ್ಲಿ ಕೆಲಸಕ್ಕಿರುವ ಯುವಕನೊಬ್ಬ ತನ್ನ ಮದುವೆಗೆಂದು ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿ ಇಮೇಲ್ ಕಳುಹಿಸಿದ್ದ. “ಬೆಳಿಗ್ಗೆ ನಾನೇ ನೋಡಿದ್ದು ಸರ್, ಮಧ್ಯಾಹ್ನ ನೋಡಿದರೆ ಇಲ್ಲ. ನಾನು ಡಿಲೀಟ್ ಮಾಡಲಿಲ್ಲ” ಎಂದರು.

ಅವರು ಹೇಳಿದ್ದು ಸತ್ಯವೇ ಆಗಿತ್ತು. ಹಳೆಯ ಕಂಪ್ಯೂಟರನ್ನು ಕ್ರೈಸ್ತ ಶಿಕ್ಷಣದ ಕೋಣೆಗೆ ಕೊಟ್ಟಿದ್ದರು. ಅದನ್ನು ಆನ್ ಮಾಡಿದೊಡನೆ ಹಳೆಯ ಮೇಲ್ ಪ್ರೋಗ್ರಾಂ ತಾನಾಗಿ ತೆರೆದುಕೊಂಡು ಚರ್ಚಿನ ಪತ್ರಗಳನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಕುವೈಟ್‌ನ ಪತ್ರ ಅಲ್ಲೇ ಸಿಕ್ಕಿತು, ಅದರ ಜೊತೆಗೆ ಇನ್ನೂ ಕೆಲವು.

ಇದಕ್ಕೆ ಕಾರಣ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಇಮೇಲ್ ಪಡೆಯಲು ಎರಡು ಕ್ರಮಗಳಿವೆ. ಒಂದು ಪಾಪ್, ಇನ್ನೊಂದು ಐಮ್ಯಾಪ್. ಪಾಪ್ ಎಂದರೆ ಅಂಚೆಪೆಟ್ಟಿಗೆಯಿಂದ ಕಾಗದವನ್ನು ತೆಗೆದು ಮನೆಗೆ ಒಯ್ದ ಹಾಗೆ. ‘ಸರ್ವರ್‌ನಲ್ಲಿ ಒಂದು ಪ್ರತಿ ಉಳಿಸು’ ಎಂಬ ಜಾಗದಲ್ಲಿ ಟಿಕ್ ಹಾಕಿರದಿದ್ದರೆ ಪೆಟ್ಟಿಗೆಯಲ್ಲಿ ಏನೂ ಉಳಿಯುವುದಿಲ್ಲ. ಐಮ್ಯಾಪ್‌ನಲ್ಲಿ ಪತ್ರ ಸರ್ವರ್‌ನಲ್ಲಿಯೇ ಇರುತ್ತದೆ, ನಮ್ಮ ಕಂಪ್ಯೂಟರ್ ಅದನ್ನು ತೋರಿಸುತ್ತದೆ ಅಷ್ಟೆ. ಹಾಗಾಗಿ ಹೊಸ ಕಂಪ್ಯೂಟರ್ ಐಮ್ಯಾಪ್‌ನಲ್ಲಿ, ಹಳೆಯದು ಪಾಪ್‌ನಲ್ಲಿ ಇದ್ದರೆ, ಹಳೆಯದು ಪತ್ರವನ್ನು ಒಯ್ದ ಕ್ಷಣ ಹೊಸದರಿಂದಲೂ ಅದು ಮಾಯವಾಗುತ್ತದೆ. ಹಿಂದೆ ಸರ್ವರ್‌ನಲ್ಲಿ ಸ್ಥಳ ಬಹಳ ಕಡಿಮೆ ಇತ್ತು. ಡಯಲ್ ಮಾಡಿ ಇಂಟರ್‌ನೆಟ್ ಪಡೆಯುವ ಕಾಲದಲ್ಲಿ ಪಾಪ್ ಒಳ್ಳೆಯದೇ ಆಗಿತ್ತು. ಈಗ ಹೊಸದಾಗಿ ಜೋಡಿಸುವವರು ಐಮ್ಯಾಪ್ ಆರಿಸಿಕೊಳ್ಳುವುದೇ ಸರಿ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಪಾಪ್ ಬಳಸುತ್ತಿದ್ದ ಕಚೇರಿಯ ಹತ್ತು ವರ್ಷದ ಪತ್ರವ್ಯವಹಾರ ಆ ಹಳೆಯ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಇರಬಹುದು. ಆದುದರಿಂದ ಹೊಸದು ಬಂತೆಂದು ಹಳೆಯದನ್ನು ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಗುಜರಿಗೂ ಕೊಡಬೇಡಿ. ಮೊದಲು ಬ್ರೌಸರ್‌ನಲ್ಲಿ ಖಾತೆಯನ್ನು ತೆರೆದು ಹಿಂದಿನ ವರ್ಷಗಳ ಪತ್ರಗಳು ಅಲ್ಲಿ ಇವೆಯೇ ನೋಡಿ. ಇಲ್ಲದಿದ್ದರೆ ಹಳೆಯ ಕಂಪ್ಯೂಟರ್‌ನ ಮೇಲ್ ಪ್ರೋಗ್ರಾಂನಲ್ಲಿಯೇ ಅದೇ ಖಾತೆಯನ್ನು ಐಮ್ಯಾಪ್ ಆಗಿ ಇನ್ನೊಮ್ಮೆ ಸೇರಿಸಿ, ಹಳೆಯ ಪತ್ರಗಳನ್ನು ಅದರ ಫೋಲ್ಡರ್‌ಗೆ ಕಾಪಿ ಮಾಡಿ. ಅವು ಸರ್ವರ್‌ಗೆ ಏರಿ ಹೊಸ ಕಂಪ್ಯೂಟರ್‌ನಲ್ಲಿಯೂ ಕಾಣಿಸುತ್ತವೆ. ಒಮ್ಮೆಗೆ ಒಂದಿಷ್ಟೇ ಮಾಡಿ, ಎಲ್ಲವನ್ನೂ ಒಟ್ಟಿಗೆ ಹಾಕಿದರೆ ನಡುವೆ ನಿಂತುಬಿಡಬಹುದು. ಜಿಮೇಲ್‌ನ ಉಚಿತ ಖಾತೆಯಲ್ಲಿ 15 ಜಿಬಿ ಸ್ಥಳವಿದ್ದು ಅದರಲ್ಲಿ ಫೋಟೋಗಳೂ ಡ್ರೈವ್‌ನ ಫೈಲುಗಳೂ ಪಾಲು ಪಡೆಯುತ್ತವೆ. ವಾರ್ಷಿಕ ಹಬ್ಬದ ಫೋಟೋಗಳಿಂದ ಖಾತೆ ತುಂಬಿದ್ದರೆ ಹೊಸ ಪತ್ರಗಳು ಬರುವುದೇ ನಿಲ್ಲುತ್ತದೆ.

ಇನ್ನು ಎಲ್ಲರೂ ಹೇಳುವ ದೂರು: ‘ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆ, ಆದರೂ ತಪ್ಪು ಎನ್ನುತ್ತದೆ.’ ಇಂಥ ಸಮಯದಲ್ಲಿ ಮತ್ತೆ ಮತ್ತೆ ಟೈಪ್ ಮಾಡುವ ಬದಲು ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಹಾಕಿ ನೋಡಿ. ಅಲ್ಲಿ ತೆರೆದರೆ ಪಾಸ್‌ವರ್ಡ್ ಸರಿ ಇದೆ, ಪ್ರೋಗ್ರಾಂಗೆ ಪ್ರವೇಶವಿಲ್ಲ ಎಂದು ಅರ್ಥ. ಬರೀ ಹೆಸರು ಮತ್ತು ಪಾಸ್‌ವರ್ಡ್‌ನಿಂದ ಒಳಹೋಗುವ ಹಳೆಯ ಪದ್ಧತಿಯನ್ನು ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿದೆ. ಹಾಟ್‌ಮೇಲ್, ಔಟ್‌ಲುಕ್.ಕಾಂ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಅದನ್ನೇ ಮಾಡಿದೆ. ಹೊಸ ಔಟ್‌ಲುಕ್, ಥಂಡರ್‌ಬರ್ಡ್ ಮುಂತಾದವು ಗೂಗಲ್‌ನ ಅಥವಾ ಮೈಕ್ರೋಸಾಫ್ಟ್‌ನ ಸ್ವಂತ ಲಾಗಿನ್ ಪುಟವನ್ನು ತೆರೆದು ಅಲ್ಲಿ ಒಪ್ಪಿಗೆ ಕೇಳುತ್ತವೆ. ಆ ಪುಟ ಬರದಿದ್ದರೆ ನಿಮ್ಮ ಪ್ರೋಗ್ರಾಂ ಹಳೆಯದು. ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನು ಹಾಕಬಹುದು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಇದು ರದ್ದಾಗುತ್ತದೆ. ಸ್ಕ್ಯಾನ್ ಮಾಡಿದ್ದನ್ನು ನೇರ ಇಮೇಲ್ ಮಾಡುವ ಜೆರಾಕ್ಸ್ ಯಂತ್ರ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ ಇದೂ ಕಾರಣವಿರಬಹುದು. ಟೆಕ್ನೀಷಿಯನ್‌ನನ್ನು ಕರೆಸುವ ಮೊದಲು ಯಾರಾದರೂ ಪಾಸ್‌ವರ್ಡ್ ಬದಲಾಯಿಸಿದ್ದಾರೆಯೇ ಎಂದು ಕೇಳಿ.

ಹಳೆಯ ಕಂಪ್ಯೂಟರ್‌ನಲ್ಲಿದ್ದ ‘ಮೇಲ್’ ಎಂಬ ಪ್ರೋಗ್ರಾಂ ಹೊಸದರಲ್ಲಿ ಇಲ್ಲವೆಂದು ಹುಡುಕಬೇಡಿ. ಅದರ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ.

ಪತ್ರಗಳು ಬರುತ್ತವೆ, ಆದರೆ ನಾವು ಕಳುಹಿಸಿದ್ದು ಔಟ್‌ಬಾಕ್ಸ್‌ನಲ್ಲೇ ಕೂತಿರುತ್ತದೆ ಎಂದಾದರೆ ತಪ್ಪು ಇರುವುದು ಹೊರಹೋಗುವ ಸರ್ವರ್‌ನ ಸೆಟ್ಟಿಂಗ್‌ನಲ್ಲಿ. ಅಲ್ಲಿ ಪೋರ್ಟ್ 25 ಎಂದಿದ್ದರೆ 587 ಅಥವಾ 465 ಹಾಕಿ. ಹೊರಹೋಗುವ ಸರ್ವರ್‌ಗೂ ಲಾಗಿನ್ ಬೇಕು ಎಂಬ ಟಿಕ್ ಇದೆಯೇ ನೋಡಿ. ಒಳಬರುವ ಐಮ್ಯಾಪ್‌ಗೆ 993. ಚರ್ಚಿನ ಸ್ವಂತ ವೆಬ್‌ಸೈಟಿನ ಹೆಸರಿನಲ್ಲಿ ಇಮೇಲ್ ಇದ್ದರೆ ಸರ್ವರ್‌ನ ಹೆಸರನ್ನು ಊಹಿಸದೆ ಹೋಸ್ಟಿಂಗ್ ಕೊಟ್ಟವರಿಂದಲೇ ಕೇಳಿ ಬರೆದಿಡಿ.

ನಾನು ನೋಡಿದ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ತೊಡಕು ಇವುಗಳಲ್ಲಿ ಯಾವುದೂ ಅಲ್ಲ. ಹೊಸ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗುವಾಗ ಖಾತೆಯು ಮೊಬೈಲಿಗೆ ಒಟಿಪಿ ಕಳುಹಿಸುತ್ತದೆ. ಆ ಮೊಬೈಲ್ ಯಾರದು? ಎಷ್ಟೋ ವರ್ಷದ ಹಿಂದೆ ಖಾತೆ ತೆರೆದ ಧರ್ಮಗುರುಗಳಿಗೆ ವರ್ಗಾವಣೆಯಾಗಿದೆ, ಅಥವಾ ಆಗಿನ ಕಾರ್ಯದರ್ಶಿ ಮದುವೆಯಾಗಿ ದುಬಾಯಿಗೆ ಹೋಗಿ ಇಲ್ಲಿಯ ಸಿಮ್ ಬಿಟ್ಟಿದ್ದಾರೆ. ಹಳೆಯ ಕಂಪ್ಯೂಟರ್ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿದ್ದರಿಂದ ಇಷ್ಟು ದಿನ ಯಾರಿಗೂ ಇದು ಗೊತ್ತಾಗಲಿಲ್ಲ. ಆದುದರಿಂದ ಹಳೆಯ ಕಂಪ್ಯೂಟರ್‌ನಲ್ಲಿ ಖಾತೆ ತೆರೆದಿರುವಾಗಲೇ ಚೇತರಿಕೆಯ ಮೊಬೈಲ್ ನಂಬರನ್ನು ಕಚೇರಿಯ ನಂಬರಿಗೆ ಬದಲಾಯಿಸಿ, ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿ ಹಾಕಿ ರಿಜಿಸ್ಟರುಗಳಿರುವ ಕಪಾಟಿನಲ್ಲಿ ಬೀಗ ಹಾಕಿಡಿ. ಅವಸರಕ್ಕೆ ಇಂಟರ್‌ನೆಟ್‌ನಲ್ಲಿ ಸಿಕ್ಕ ‘ಸಹಾಯವಾಣಿ’ ನಂಬರಿಗೆ ಫೋನ್ ಮಾಡಿ ಒಟಿಪಿ ಹೇಳಬೇಡಿ. ಚರ್ಚಿನ ಇಮೇಲ್‌ನಿಂದ ದುಡ್ಡು ಕೇಳುವ ಪತ್ರ ಹೋದರೆ ನಂಬುವವರು ಬಹಳ ಮಂದಿ ಇದ್ದಾರೆ.

ಎಲ್ಲ ಸರಿಯಾದ ಮೇಲೂ ಪತ್ರಗಳ ಗಂಟೆ ಹಿಂದೆಮುಂದೆ ತೋರಿಸಿದರೆ ಗಡಿಯಾರದ ವಲಯ ಅಮೆರಿಕದ್ದಾಗಿ ಉಳಿದಿರುತ್ತದೆ. ಅದನ್ನು ‘ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ’ ಎಂದಿರುವುದಕ್ಕೆ ಬದಲಾಯಿಸಿ. ತಾರೀಕೇ ತಪ್ಪಿದ್ದರೆ ‘ಸರ್ಟಿಫಿಕೇಟ್ ಸರಿಯಿಲ್ಲ’ ಎಂಬ ಎಚ್ಚರಿಕೆ ಬಂದು ಖಾತೆ ತೆರೆಯದೇ ಇರಬಹುದು. ಹಳೆಯ ಕನ್ನಡ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಹೆದರಬೇಡಿ, ಪತ್ರ ಹಾಳಾಗಿಲ್ಲ. ಅವನ್ನು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹದ ಫಾಂಟಿನಲ್ಲಿ ಬರೆದಿರುತ್ತಾರೆ. ಆ ಫಾಂಟ್ ಹಳೆಯ ಕಂಪ್ಯೂಟರ್‌ನಲ್ಲಿದೆ. ಪೆನ್ ಡ್ರೈವ್‌ನಲ್ಲಿ ತಂದು ಹೊಸದರಲ್ಲಿ ಹಾಕಿ, ಪತ್ರಕ್ಕೆ ಅದೇ ಫಾಂಟ್ ಆರಿಸಿದರೆ ಓದಬಹುದು.