ಮೊಸರಿಗೂ ಹಿಟ್ಟಿಗೂ ಒಂದು ಬೆಚ್ಚನೆಯ ಪೆಟ್ಟಿಗೆ

ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗುವುದಿಲ್ಲ, ದೋಸೆಹಿಟ್ಟು ಉಬ್ಬುವುದಿಲ್ಲ. ಬೇಸಿಗೆಯಲ್ಲಾದರೋ ನಡುರಾತ್ರಿಗೇ ಹಿಟ್ಟು ಹುಳಿಯಾಗಿ ಪಾತ್ರೆಯಿಂದ ಉಕ್ಕುತ್ತದೆ. ತಡವಳ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಾಲು ಕೆಟ್ಟರೆ ಎಮ್ಮೆ ಸಾಕಿದ ಮನೆಗೆ ನಷ್ಟ. ಚೆಲ್ಲಲು ಮನಸ್ಸಾಗದೆ ಅದನ್ನೇ ಮಕ್ಕಳಿಗೆ ಕೊಟ್ಟರೆ ವಾಂತಿಭೇದಿ.

ಹುಳಿ ಬರಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ದೋಸೆಹಿಟ್ಟಿಗೆ ಸುಮಾರು 30 ಡಿಗ್ರಿ, ಮೊಸರಿಗೆ ಸುಮಾರು 40 ಡಿಗ್ರಿ ಬಿಸಿ ಹಿತ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಹದವಾದ ಬಿಸಿಯನ್ನು ಕಾಯ್ದುಕೊಳ್ಳಲು ದಪ್ಪ ಗೋಡೆಯ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ನಮಗೆ ಅದು ಬೇಡ. ಆದರೆ ಆ ಪೆಟ್ಟಿಗೆಯ ಉಪಾಯ ನಮ್ಮ ಅಡುಗೆಮನೆಗೆ ಬೇಕಾದದ್ದೇ.

ಮೊದಲು ಒಂದು ಮಾತು ತಿಳಿದಿರಲಿ. ಪೆಟ್ಟಿಗೆ ತಾನಾಗಿ ಬಿಸಿಯನ್ನೂ ಕೊಡದು, ತಂಪನ್ನೂ ಕೊಡದು. ಒಳಗೆ ಇಟ್ಟ ಬಿಸಿ ಅಥವಾ ತಂಪು ಬೇಗ ಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವುದು ಹೊಟ್ಟಿನ ಸಂದಿಯಲ್ಲಿ ಅಲುಗಾಡದೆ ನಿಂತ ಗಾಳಿ. ಆದ್ದರಿಂದ ಹೊಟ್ಟನ್ನು ಗಟ್ಟಿಯಾಗಿ ತುಳಿದು ತುಂಬಬಾರದು, ಅದು ಒದ್ದೆಯಾಗಲೂಬಾರದು.

ಮಾಡುವ ವಿಧಾನ:

1. ಮರದ ಅಥವಾ ತಗಡಿನ ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ಕೂಡುವ ಒಂದು ಸಣ್ಣ ಡಬ್ಬ ಆರಿಸಿಕೊಳ್ಳಿರಿ. ತಳದಲ್ಲೂ ಸುತ್ತಲೂ ನಾಲ್ಕು ಬೆರಳು ಜಾಗ ಉಳಿಯಬೇಕು.

2. ಒಣಗಿದ ಶೇಂಗಾ ಸಿಪ್ಪೆ ಅಥವಾ ಕಟ್ಟಿಗೆ ಹೊಟ್ಟನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಆ ಜಾಗದಲ್ಲಿ ತುಂಬಿರಿ. ಚೀಲವಿದ್ದರೆ ತೇವ, ಬೂಷ್ಟು, ಇರುವೆ ಆಹಾರದತ್ತ ಬರುವುದಿಲ್ಲ.

3. ಮುಚ್ಚಳವನ್ನು ಮರೆಯಬೇಡಿರಿ. ಬಿಸಿ ಹೆಚ್ಚಾಗಿ ಮೇಲಿನಿಂದಲೇ ಹೋಗುತ್ತದೆ. ಹಳೆಯ ಸೊಲ್ಲಾಪುರ ಚಾದರವನ್ನು ನಾಲ್ಕೈದು ಮಡಿಕೆ ಮಾಡಿ ಹೊದಿಸಿದರೆ ಸಾಕು.

ಚಳಿಗಾಲದಲ್ಲಿ ಹಾಲನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಹೆಪ್ಪು ಹಾಕಿ ಒಳಗಿಡಿರಿ. ಪಕ್ಕದಲ್ಲಿ ಒಂದು ಸ್ಟೀಲ್ ಬಾಟಲಿ ಬಿಸಿನೀರು ಇರಲಿ. ಹಿಟ್ಟನ್ನಾದರೆ ಅರ್ಧ ಪಾತ್ರೆಯಷ್ಟೇ ಹಾಕಿ, ಪಾತ್ರೆಯ ಮುಚ್ಚಳವನ್ನು ಸಡಿಲ ಬಿಡಿರಿ, ಅನಿಲ ಹೊರಹೋಗಬೇಕು. ಮೊಸರು ಗಟ್ಟಿಯಾದೊಡನೆ, ಹಿಟ್ಟು ಉಬ್ಬಿದೊಡನೆ ಹೊರಗೆ ತೆಗೆಯಿರಿ. ಬಿಟ್ಟರೆ ಹುಳಿ ಏರುತ್ತಲೇ ಇರುತ್ತದೆ.

ಬೇಸಿಗೆಯಲ್ಲಿ ಬಿಸಿನೀರಿನ ಬದಲು ತಣ್ಣೀರಿನ ಬಾಟಲಿ ಇಡಿರಿ. ಫ್ರಿಜ್ ಇದ್ದವರು ಅದರಲ್ಲಿ ತಂಪಾಗಿಸಿದ ಬಾಟಲಿ ಇಟ್ಟರೆ ಕರೆಂಟ್ ಹೋದಾಗಲೂ ಕೆಲವು ಗಂಟೆ ತಂಪು ನಿಲ್ಲುತ್ತದೆ. ಇಲ್ಲದವರು ಪಾತ್ರೆಯನ್ನು ನೀರಿದ್ದ ಮಣ್ಣಿನ ಅಗಲ ಗಡಿಗೆಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಬೇಕು. ಇದು ಪೆಟ್ಟಿಗೆಯ ಹೊರಗೆ ಮಾಡುವ ಕೆಲಸ; ನೀರು ಆವಿಯಾದರೆ ಮಾತ್ರ ತಂಪು, ಮುಚ್ಚಿದ ಕಡೆ ಆವಿಯಾಗದು. ನಮ್ಮ ಒಣಹವೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಮಳೆಗಾಲದಲ್ಲಿ ಅಷ್ಟು ಫಲಿಸದು.

ಎಚ್ಚರಿಕೆಗಳು: ಹುಳಿ ಪದಾರ್ಥಕ್ಕೆ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ, ಸ್ಟೀಲ್, ಗಾಜು, ಮಣ್ಣು ಒಳ್ಳೆಯದು. ಹೊಟ್ಟಿನ ಪೆಟ್ಟಿಗೆಯಲ್ಲಿ ವಿದ್ಯುತ್ ಬಲ್ಬು, ಕೆಂಡ ಇಡಬೇಡಿರಿ, ಬೆಂಕಿ ಹತ್ತುತ್ತದೆ. ಹಸಿರು, ಕಪ್ಪು, ಗುಲಾಬಿ ಬಣ್ಣ ಕಂಡರೆ ಅಥವಾ ಕೆಟ್ಟ ವಾಸನೆ ಬಂದರೆ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನಬೇಡಿರಿ; ಎಲ್ಲವನ್ನೂ ಚೆಲ್ಲಿರಿ. ವಾರಕ್ಕೊಮ್ಮೆ ಪೆಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿರಿ.

ಹಿಟ್ಟಿನಲ್ಲಿ ಹುಳಿ ಕಲಸಿದ ಹೆಂಗಸಿನ ಸಾಮತಿಯನ್ನು ಮತ್ತಾಯನ ಶುಭಸಂದೇಶದಲ್ಲಿ ನಾವು ಕೇಳಿದ್ದೇವೆ. ಹಿಟ್ಟು ಹುದುಗುವುದು ದೇವರ ಏರ್ಪಾಡು; ಶುಚಿಯನ್ನೂ ಹದವನ್ನೂ ಕಾಯುವುದು ನಮ್ಮ ಪಾಲಿನ ಕೆಲಸ. ಈ ಚಳಿಗಾಲ ಬರುವ ಮುಂಚೆಯೇ ಒಂದು ಪೆಟ್ಟಿಗೆ ಮಾಡಿಟ್ಟುಕೊಳ್ಳೋಣ, ನೆರೆಮನೆಯವರಿಗೂ ತೋರಿಸಿಕೊಡೋಣ.